ಒಡೆದ ಕೊಡದ ಬೆಲೆ

ಬಳಸಿದ ಪಾತ್ರೆಯಲ್ಲಿ ಮನೆತನದ ನೆನಪು ತುಂಬಿರುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದ ಪ್ವೆಬ್ಲೊ ಮೂಲನಿವಾಸಿ ಸ್ತ್ರೀಯರು ತಿಗರಿಯಿಲ್ಲದೆ, ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಸುತ್ತಿ, ನೀರಿನ ಕೊಡಗಳನ್ನೂ ಹಿಟ್ಟು ನಾದುವ ಬೋಗುಣಿಗಳನ್ನೂ ಮಾಡುತ್ತಿದ್ದರು. 1880ರಲ್ಲಿ ರೈಲು ಬಂದ ಮೇಲೆ ಲೋಹದ ಪಾತ್ರೆಗಳು ಮನೆ ಹೊಕ್ಕವು; ಹಳೆಯ ಕೊಡಗಳು ಹೊರಗಿನವರ ಪಾಲಾಗತೊಡಗಿದವು.

1922ರಲ್ಲಿ ಸಾಂಟಾ ಫೆ ನಗರದ ಔತಣವೊಂದರಲ್ಲಿ ಜೂನಿ ಗ್ರಾಮದ ಕೊಡವೊಂದು ಒಡೆಯಿತು. ಮರುಗಿದ ಅತಿಥಿಗಳು ಉಳಿದ ಕೊಡಗಳನ್ನು ಆ ಸೀಮೆಯಲ್ಲಿಯೇ ಕಾಪಾಡಲು ನಿಧಿಯೊಂದನ್ನು ಸ್ಥಾಪಿಸಿದರು. ಒಡೆದ ಆ ಕೊಡವೇ ಸಂಗ್ರಹದ ಮೊದಲ ವಸ್ತುವಾಯಿತು. ಶತಮಾನದ ಬಳಿಕ, 2022ರ ಪ್ರದರ್ಶನಕ್ಕೆ ಆ ಕೊಡಗಳನ್ನು ಆರಿಸಿ ಅವುಗಳ ಕಥೆ ಬರೆದವರು ಪ್ವೆಬ್ಲೊ ಜನರೇ.

ಸವೆದ ತಳವನ್ನೂ ನೀರಿನ ಕಲೆಯನ್ನೂ ನಾವು ದೋಷವೆಂದೆಣಿಸಬಾರದು. ಪಾತ್ರೆಯನ್ನು ಸಂಗ್ರಹಿಸುವವರು ಅದನ್ನು ಬಳಸಿದ ಮನೆಯವರ ಮಾತನ್ನೂ ಕೇಳಿ ಉಳಿಸಬೇಕೆಂಬುದೇ ನಮ್ಮ ಅಭಿಪ್ರಾಯ.