ಸಮುದ್ರದಲ್ಲೊಂದು ಗುಡಿ



ವೆಸ್ಟ್ ಇಂಡೀಸ್ ಎಂದೊಡನೆ ನಿಮಗೆ ನೆನಪಾಗುವುದು ಕ್ರಿಕೆಟ್, ಅಲ್ಲವೇ? ನಿಮ್ಮ ಅಜ್ಜಂದಿರನ್ನು ಕೇಳಿ ನೋಡಿ. 1971ರಲ್ಲಿ ಭಾರತ ಮೊಟ್ಟಮೊದಲು ಅವರನ್ನು ಟೆಸ್ಟಿನಲ್ಲಿ ಸೋಲಿಸಿದ್ದು ಟ್ರಿನಿಡಾಡ್ ದ್ವೀಪದ ಪೋರ್ಟ್ ಆಫ್ ಸ್ಪೇನಿನಲ್ಲಿ. ಗಾವಸ್ಕರರ ಮೊದಲ ಟೆಸ್ಟೂ ಅದೇ. ನಮ್ಮ ಎರಪಳ್ಳಿ ಪ್ರಸನ್ನರೂ ಆ ತಂಡದಲ್ಲಿದ್ದರು.

ಮಗಳ ಒತ್ತಾಯಕ್ಕೆ ಕೆರಿಬಿಯನ್ ಹಡಗು ಪ್ರವಾಸ ಹೊರಟ ನಮಗಿಬ್ಬರಿಗೆ ಈ ದ್ವೀಪದಲ್ಲಿ ಸಿಕ್ಕಿದ್ದು ಒಂದೇ ಹಗಲು. ಬೆಳಿಗ್ಗೆ ಇಳಿದರೆ ಸಂಜೆಯೊಳಗೆ ಹಡಗು ಹತ್ತಬೇಕು. ಜೊತೆಯವರೆಲ್ಲ ಮರಾಕಸ್ ಕಡಲತೀರಕ್ಕೆ ಹೊರಟರು. ನಮ್ಮವರು, "ಮರಳು ಜುಹೂನಲ್ಲೂ ಇದೆ, ಊರು ನೋಡೋಣ" ಎಂದು ಟ್ಯಾಕ್ಸಿಯೊಂದನ್ನು ಗೊತ್ತುಮಾಡಿದರು. ಚಾಲಕ ನಮ್ಮ ವಯಸ್ಸಿನವನೇ. ಮುಖ ನೋಡಿದರೆ ಪಾಟ್ನಾದವನೆನ್ನಬೇಕು, ಬಾಯಿ ತೆರೆದರೆ ಹಾಡಿನಂಥ ಅಲ್ಲಿಯ ಇಂಗ್ಲಿಷ್!

ಮೊದಲು ರಸ್ತೆಬದಿಯಲ್ಲಿ 'ಡಬಲ್ಸ್' ತಿನ್ನಿಸಿದ. ಅರಿಶಿನ ಬೆರೆಸಿ ಕರಿದ ಮೆತ್ತನೆಯ ಎರಡು 'ಬರಾ', ಅದರೊಳಗೆ ಕಾಬೂಲಿ ಕಡಲೆಯ ಪಲ್ಯ, ಮೇಲೆ ಹುಣಸೆ ಚಟ್ನಿ. ಹಡಗಿನ ಬ್ರೆಡ್ಡು ತಿಂದು ಸಪ್ಪೆಯಾಗಿದ್ದ ನಾಲಿಗೆಗೆ ಜೀವ ಬಂತು.

ಈ ಬರಾ ಅಲ್ಲಿಗೆ ಹೋದದ್ದು ಹೇಗೆ ಗೊತ್ತೇ? ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟದ ದೊರೆಗಳಿಗೆ ಆಳುಗಳು ಬೇಕಾದರು. 1845ರ ಮೇ 30ರಂದು 'ಫತೇಲ್ ರಜಾಕ್' ಎಂಬ ಹಡಗು ಕಲ್ಕತ್ತೆಯಿಂದ ಇನ್ನೂರಕ್ಕೂ ಹೆಚ್ಚು ಕೂಲಿಗಳನ್ನು ತಂದಿಳಿಸಿತು. 1917ರವರೆಗೆ ಹೀಗೆ ಬಂದವರು ಸುಮಾರು 1,44,000 ಜನ. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಮದ್ರಾಸಿನಿಂದ ಹಡಗು ಹತ್ತಿದವರೂ ಇದ್ದರು. ನಾವು ಊಟ, ನಾಟಕ, ಈಜುಕೊಳವಿರುವ ಹಡಗಿನಲ್ಲಿ ಬಂದೆವು. ಅವರು ಅದೇ ಕಡಲನ್ನು ತಿಂಗಳುಗಟ್ಟಲೆ ಹೇಗೆ ದಾಟಿದರೋ!

ವಾಟರ್‌ಲೂ ಎಂಬಲ್ಲಿ ಸಮುದ್ರದೊಳಗೆ ಒಂದು ಗುಡಿಯಿದೆ. ಸಿವದಾಸ್ ಸಾಧು ಎಂಬ ಕೂಲಿ 1947ರಲ್ಲಿ ದಡದ ಮೇಲೆ ಗುಡಿ ಕಟ್ಟಿದ. ಜಾಗ ಸಕ್ಕರೆ ಕಂಪನಿಯದೆಂದು 1952ರಲ್ಲಿ ಅದನ್ನು ಕೆಡವಿ ಅವನನ್ನು ಜೈಲಿಗೆ ಹಾಕಿದರು. ಹೊರಬಂದವನು ನೆಲ ನಿಮ್ಮದಾದರೆ ಕಡಲು ಯಾರದೂ ಅಲ್ಲವಲ್ಲ ಎಂದು, ಸೈಕಲ್ಲಿನಲ್ಲಿ ಕಲ್ಲು-ಸಿಮೆಂಟು ಹೊತ್ತು, ನೀರಿನೊಳಗೆ ದಾರಿ ಹಾಕಿ, ಮತ್ತೆ ಗುಡಿ ಕಟ್ಟಿದ. ಅಲೆಗಳಿಗೆ ಹಾಳಾದ ಅದನ್ನು 1995ರ ಹೊತ್ತಿಗೆ ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಅವನನ್ನು ಹೊರಗಟ್ಟಿದ ಆ ಕಬ್ಬಿನ ಉದ್ಯಮ? ಸರ್ಕಾರಿ ಸಕ್ಕರೆ ಕಂಪನಿ 2003ರಲ್ಲಿ ಬಾಗಿಲು ಹಾಕಿತು. ಗುಡಿ ಇದೆ!

ಸಮೀಪದಲ್ಲೇ 85 ಅಡಿಯ ಹನುಮಂತ, ಪಕ್ಕದಲ್ಲಿ ದಕ್ಷಿಣದ ಶೈಲಿಯ ದತ್ತ ಮಂದಿರ. ಅದು ನಮ್ಮ ಮೈಸೂರಿನ ದತ್ತಪೀಠಕ್ಕೆ ಸೇರಿದ್ದೆಂದು ತಿಳಿದು ನನಗೆ ತವರಿನವರನ್ನು ಕಂಡಷ್ಟು ಸಂತೋಷವಾಯಿತು.

ಹಿಂತಿರುಗುವಾಗ ಚಾಲಕ ತನ್ನ 'ಅಜಿ'ಯ ಕಥೆ ಹೇಳಿದ. ಅಪ್ಪನ ತಾಯಿಗೆ ಅಲ್ಲಿ ಹಾಗೇ ಅನ್ನುತ್ತಾರಂತೆ. ನಮ್ಮ ಅಜ್ಜಿಗೆ ಒಂದು ಒತ್ತು ಕಡಿಮೆ, ಅಷ್ಟೆ! ಅಜಿ ಭೋಜಪುರಿ ಮಾತಾಡುತ್ತಿದ್ದಳು. ಅಪ್ಪನಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ನಿನಗೆ?" ಎಂದೆ. ಬೆರಳೆಣಿಸಿದ: ಆಲೂ, ಬೈಗನ್, ತವಾ, ಬೇಲ್ನಾ. ಅಜಿ ಸಾಯುವ ಮುಂಚಿನ ದಿನಗಳಲ್ಲಿ ಇಂಗ್ಲಿಷ್ ಮರೆತು ಬರೀ ಭೋಜಪುರಿ ಆಡಿದಳಂತೆ. ಹಾಸಿಗೆಯ ಪಕ್ಕದಲ್ಲೇ ಕುಳಿತಿದ್ದ ಅವನಿಗೆ ಅವಳೇನು ಕೇಳುತ್ತಿದ್ದಾಳೆಂದು ತಿಳಿಯಲಿಲ್ಲ. "ನೀರು ಕೇಳಿದಳೋ, ನನ್ನನ್ನು ಹರಸಿದಳೋ ಇವತ್ತಿಗೂ ಗೊತ್ತಿಲ್ಲ" ಎಂದು ಸುಮ್ಮನಾದ. ನಮ್ಮವರು ಕಿಟಕಿಯ ಹೊರಗೆ ನೋಡುತ್ತ ಕೂತರು.

ಆ ಜನರನ್ನು ದೂರುವ ಹಾಗಿಲ್ಲ. ತೋಟದ ದುಡಿತ, ಇಂಗ್ಲಿಷ್ ಶಾಲೆ, ಊರಿಗೆ ಮರಳಲಾರದಷ್ಟು ದೂರ. ಅಷ್ಟರಲ್ಲೂ ದೇವರನ್ನೂ ಅಡಿಗೆಯನ್ನೂ ಉಳಿಸಿಕೊಂಡರಲ್ಲ, ಅದೇ ದೊಡ್ಡದು. ನಮಗಾದರೋ ರಾತ್ರಿ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಹುಬ್ಬಳ್ಳಿ!

ಸಂಘದ ಕಾರ್ಯಕ್ರಮಗಳಲ್ಲಿ ನೀವು ನನಗೆ ಹೇಳುವ ಮಾತೊಂದಿದೆ: "ಆಂಟಿ, ಕನ್ನಡ ಅರ್ಥವಾಗುತ್ತೆ, ಮಾತಾಡಕ್ಕೆ ಬರಲ್ಲ." ಮೂರು ಮೆಟ್ಟಿಲ ಆ ಇಳಿಜಾರಿನಲ್ಲಿ ಇದು ನಡುವಿನ ಮೆಟ್ಟಿಲು, ಆ ಚಾಲಕನ ಅಪ್ಪ ನಿಂತಿದ್ದ ಜಾಗ. ಅಲ್ಲಿಂದ ಮೇಲೂ ಹತ್ತಬಹುದು, ಕೆಳಗೂ ಇಳಿಯಬಹುದು. ಮನೆಯಲ್ಲಿ ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲೇ ಉತ್ತರ ಕೊಡಿ, ತಪ್ಪುತಪ್ಪಾಗಿಯಾದರೂ ಸರಿಯೆ. ಅವರು ನಕ್ಕರೆ ನಗಲಿ. ಊಟ ಬಡಿಸುವಾಗ ಒಂದು ತುತ್ತು ಜಾಸ್ತಿಯೇ ಬೀಳುತ್ತದೆ!