ನಿನ್ನ ನಾರ್ಮಲ್ಲನ್ನ ನಿಂಗೇ ಮಾರ್ತಿದ್ದಾರೆ

1/6 ☕

"ಮೊದಲ ವಾರ ಸಖತ್ತಾಗಿತ್ತು ಗುರು. ಈಗ ಕುಡಿದ್ರೆ ಏನೂ ಆಗಲ್ಲ, ಕುಡೀದಿದ್ರೆ ತಲೆನೋವು."

ಹಂಪಿನಗರ ಲೈಬ್ರರಿ ಹತ್ರ, ಕೆಂಗೇರಿ ಕಡೆ ಹೋಗೋ ನೇರಳೆ ಲೈನ್ ಮೆಟ್ರೋದಲ್ಲಿ, ಹಾವನೂರು ಸರ್ಕಲ್ ಕಡೆಯ ಬೇಕರಿ ಮುಂದೆ, ಪರೀಕ್ಷೆ ಸೀಸನ್ನಲ್ಲಿ ಎಲ್ಲಿ ನಿಂತರೂ ಇದೇ ಡೈಲಾಗು. ಮಾತು ಇಪ್ಪತ್ತು ರೂಪಾಯಿ ಎನರ್ಜಿ ಡ್ರಿಂಕ್ ಬಗ್ಗೆ ಇರಬಹುದು, ಇನ್‌ಸ್ಟಂಟ್ ಕಾಫಿ ಸ್ಯಾಶೆ ಬಗ್ಗೆ ಇರಬಹುದು, ಆನ್‌ಲೈನಲ್ಲಿ ತರಿಸಿದ 'ಬ್ರೈನ್ ಬೂಸ್ಟರ್' ಕ್ಯಾಪ್ಸೂಲ್ ಬಗ್ಗೆ ಇರಬಹುದು. ಅದಕ್ಕೆ ಸಿಗೋ ಸಲಹೆಗಳೂ ರೆಡಿಮೇಡ್. "ಡೋಸ್ ಸಾಲ್ತಿಲ್ಲ ಮಗಾ, ಎರಡು ಹಾಕು." ಇಲ್ಲಾಂದ್ರೆ "ಬ್ರ್ಯಾಂಡ್ ಚೇಂಜ್ ಮಾಡು." ಮೂರನೆಯವನು ಇನ್ನೂ ಬುದ್ಧಿವಂತ: "ನಿನ್ ಬಾಡೀನೇ ಹಂಗೆ, ನಿಂಗೆ ಸೆಟ್ ಆಗಲ್ಲ."

ಈ ಸೀರೀಸ್ ಬರೀತಿರೋದು ಆ ಮೂವರ ಮೇಲಿನ ಸಿಟ್ಟಿಗೆ. ನಿನ್ನ ಬಾಡಿ ಏನೂ ಕೆಟ್ಟಿಲ್ಲ, ಅದು ಮಾಡಬೇಕಾದ ಕೆಲಸ ಸರಿಯಾಗೇ ಮಾಡಿದೆ. ಕೆಫೀನ್ ದಿನಾ ಒಳಗೆ ಹೋಗಿ ಕೆಲವು ವಾರ ಆದ್ಮೇಲೆ ಎಕ್ಸ್‌ಟ್ರಾ ಏಕಾಗ್ರತೆ ಅಂತ ನಿಂಗೆ ಹೆಚ್ಚೇನೂ ಸಿಗ್ತಿರಲ್ಲ. ಮೊದಲು ಫ್ರೀಯಾಗಿ ಇದ್ದ ನಿನ್ನ ಮಾಮೂಲಿ ಸ್ಥಿತಿಯನ್ನೇ ದುಡ್ಡು ಕೊಟ್ಟು ವಾಪಸ್ ತರ್ತಿರ್ತೀಯ.

ಹೇಗೆ ಅಂತ ಮುಂದಿನ ಪೋಸ್ಟಲ್ಲಿ 👉

2/6 🚌

ಕೆಂಗೇರಿ ಬಸ್ ಸ್ಟ್ಯಾಂಡಲ್ಲಿ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿದಿದ್ದೀಯ ತಾನೆ? ಹಾಗಾದ್ರೆ ಇದು ನಿಂಗೆ ಅರ್ಥ ಆಗತ್ತೆ.

ನೀನು ಎಚ್ಚರ ಇದ್ದಷ್ಟು ಹೊತ್ತೂ ಮೆದುಳಲ್ಲಿ ಅಡೆನೊಸಿನ್ ಅನ್ನೋ ರಾಸಾಯನಿಕ ಸೇರ್ತಾ ಹೋಗತ್ತೆ. ಅದು ಕೂರೋಕೆ ಅಂತಾನೇ ಸೀಟುಗಳಿವೆ, ಅವಕ್ಕೆ ರಿಸೆಪ್ಟರ್ ಅಂತಾರೆ. ಅಡೆನೊಸಿನ್ ಬಂದು ಕೂತಷ್ಟೂ ಮೆದುಳಿನ ಓಟ ನಿಧಾನ ಆಗತ್ತೆ, ಕಣ್ಣು ಎಳೆಯತ್ತೆ. ಕೆಫೀನ್ ಕಣದ ಆಕಾರ ಅಡೆನೊಸಿನ್‌ಗೆ ಹತ್ತಿರ. ಅದಕ್ಕೇ ಅದೇ ಸೀಟಿಗೆ ಹೋಗಿ ಬೀಳತ್ತೆ, ಆದರೆ ನಿಧಾನ ಮಾಡೋ ಕೆಲಸ ಮಾತ್ರ ಮಾಡಲ್ಲ. ಕರ್ಚೀಫ್ ಥರಾನೇ. ಸೀಟು ಭರ್ತಿ, ಕೂತವರು ಯಾರೂ ಇಲ್ಲ.

ಇಲ್ಲಿ ಒಂದು ಗಮನಿಸು. ಅಡೆನೊಸಿನ್ ಎಲ್ಲೂ ಹೋಗಿಲ್ಲ, ಫುಟ್‌ಬೋರ್ಡ್ ಮೇಲೆ ನೇತಾಡ್ತಾ ಇದೆ. ನಿನ್ನ ಸುಸ್ತು ಹಾಗೇ ಇದೆ, ಅದರ ಸುದ್ದಿ ಮಾತ್ರ ನಿಂಗೆ ತಲುಪ್ತಾ ಇಲ್ಲ.

ದಿನಾ ಹೀಗೆ ಕರ್ಚೀಫ್ ಬಿದ್ದರೆ ಮೆದುಳು ಸುಮ್ನೆ ಕೂರಲ್ಲ. ಸೀಟು ಜಾಸ್ತಿ ಮಾಡತ್ತೆ. ಇಲಿಗಳಿಗೆ ದಿನಾ ಕೆಫೀನ್ ಕೊಟ್ಟ ಪ್ರಯೋಗಗಳಲ್ಲಿ ಈ ರಿಸೆಪ್ಟರ್‌ಗಳ ಸಂಖ್ಯೆ ಏರಿದ್ದನ್ನ ನೋಡಿದ್ದಾರೆ. ಈಗ ನಿನ್ನ ಹಳೇ ಡೋಸ್ ಅಷ್ಟೂ ಸೀಟಿಗೆ ಸಾಲಲ್ಲ. ಒಂದು ದಿನ ಕುಡೀಲಿಲ್ಲ ಅಂದ್ಕೋ, ಮೊದಲಿಗಿಂತ ಜಾಸ್ತಿ ಸೀಟು ಖಾಲಿ, ಮೊದಲಿಗಿಂತ ಜಾಸ್ತಿ ಅಡೆನೊಸಿನ್ ಬಂದು ಕೂರತ್ತೆ. ತಲೆಯ ರಕ್ತನಾಳಗಳು ಹಿಗ್ಗುತ್ತವೆ, ತಲೆನೋವು ಶುರು. ನೀನು ಕೆಫೀನ್ ಮುಟ್ಟೋಕೆ ಮುಂಚೆ ಈ ತಲೆನೋವು ಇರಲೇ ಇಲ್ಲ ಅನ್ನೋದನ್ನ ನೆನಪಿಟ್ಕೋ.

3/6 📉

"ಇದೆಲ್ಲ ಥಿಯರಿ ಬಿಡು" ಅನ್ನೋರಿಗೆ ಮೂರು ವಿಷಯ.

1992ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಇವಾನ್ಸ್ ಮತ್ತು ಗ್ರಿಫಿತ್ಸ್ ಅನ್ನೋ ಸಂಶೋಧಕರು ಒಂದು ಗುಂಪಿಗೆ 18 ದಿನ ಕೆಫೀನ್ ಕೊಟ್ಟರು. ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ 300 ಮಿಲಿಗ್ರಾಂ. ಕೊನೆಗೆ ಅವರ ಅನುಭವಕ್ಕೂ ಖಾಲಿ ಮಾತ್ರೆ ತಗೊಂಡವರ ಅನುಭವಕ್ಕೂ ವ್ಯತ್ಯಾಸ ಉಳೀಲಿಲ್ಲ. ಡೋಸ್ ವಿಪರೀತ ದೊಡ್ಡದು, ಒಪ್ತೀನಿ, ನೀನು ಅಷ್ಟು ಕುಡಿಯಲ್ಲ. ಆದ್ರೆ "ಇನ್ನೊಂದು ಹಾಕು, ಸರಿ ಹೋಗತ್ತೆ" ಅನ್ನೋ ನಿನ್ನ ಫ್ರೆಂಡ್‌ಗೆ ಉತ್ತರ ಇದರಲ್ಲೇ ಇದೆ. ಹಾಕ್ತಾ ಹೋದರೆ ತಲುಪೋ ಜಾಗ ಅದು.

2010ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಪೀಟರ್ ರಾಜರ್ಸ್ ತಂಡ 379 ಜನರನ್ನ 16 ಗಂಟೆ ಕೆಫೀನ್ ಇಲ್ಲದೆ ಇರಿಸಿತು. ಆಮೇಲೆ ಕೆಲವರಿಗೆ ಕೆಫೀನ್, ಕೆಲವರಿಗೆ ಖಾಲಿ ಮಾತ್ರೆ. ದಿನಾ ಕುಡಿಯೋರಲ್ಲಿ ಖಾಲಿ ಮಾತ್ರೆ ಸಿಕ್ಕವರು ಮಂಕಾದರು, ತಲೆನೋವು ಅಂದರು. ಕೆಫೀನ್ ಸಿಕ್ಕವರು ಚುರುಕಾದರು. ಎಷ್ಟು ಚುರುಕು ಗೊತ್ತಾ? ಯಾವಾಗಲೂ ಕಾಫಿ ಕುಡಿಯದ, ಅವತ್ತೂ ಖಾಲಿ ಮಾತ್ರೆ ನುಂಗಿದ ಮನುಷ್ಯ ಎಷ್ಟು ಎಚ್ಚರ ಇದ್ನೋ ಹೆಚ್ಚುಕಮ್ಮಿ ಅಷ್ಟೇ. ಇವರು ದುಡ್ಡು ಕೊಟ್ಟು ಹತ್ತಿದ ಮೆಟ್ಟಿಲ ಮೇಲೆ ಅವನು ಪುಕ್ಕಟೆ ನಿಂತಿದ್ದ.

ಮೂರನೇದು ಚಿಕ್ಕದು. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ರೋಗಪಟ್ಟಿ ಡಿಎಸ್‌ಎಂ-5ರಲ್ಲಿ ಕೆಫೀನ್ ಬಿಟ್ಟಾಗ ಬರೋ ತೊಂದರೆಗೆ ಪ್ರತ್ಯೇಕ ಹೆಸರೇ ಇದೆ. ನಿನ್ನ ತಲೆನೋವು ನಾಟಕ ಅಲ್ಲ.

ಒಂದು ನ್ಯಾಯದ ಮಾತೂ ಹೇಳಿಬಿಡ್ತೀನಿ. ರಾಜಾಜಿನಗರ ಇಎಸ್‌ಐ ಆಸ್ಪತ್ರೆಯಂಥ ಕಡೆ ನೈಟ್ ಡ್ಯೂಟಿ ಮಾಡೋರಿಗೆ, ರಾತ್ರಿ ಲಾರಿ ಓಡಿಸೋರಿಗೆ ಒಂದು ಕಪ್ ಕಾಫಿ ನಿಜವಾಗಲೂ ಕೆಲಸಕ್ಕೆ ಬರತ್ತೆ. ಅವರಿಗೆ ಬೇಕಾಗಿರೋದು ಆ ಕ್ಷಣಕ್ಕೆ ಕಣ್ಣು ಮುಚ್ಚದೆ ಇರೋದು. ನಿಂಗೆ ಬೇಕಾಗಿರೋದು ಇವತ್ತು ಓದಿದ್ದು ಮುಂದಿನ ತಿಂಗಳು ನೆನಪಾಗೋದು. ಎರಡೂ ಬೇರೆ ಸರಕು ಗುರು, ಅಂಗಡಿಯವನು ಒಂದೇ ಬಾಟ್ಲಿ ತೋರಿಸ್ತಿದ್ದಾನೆ.

4/6 🌿

ಈಗ "ನಂದು ಕೆಮಿಕಲ್ ಅಲ್ಲ, ಬ್ರಾಹ್ಮಿ" ಅನ್ನೋ ಗ್ಯಾಂಗ್.

ಮೊದಲು ಹೆಸರಿನ ಗಲಾಟೆ. ಅಜ್ಜಿ ತಂಬುಳಿ ಮಾಡೋದು ಒಂದೆಲಗದಲ್ಲಿ, ಮಂಗಳೂರು ಕಡೆಯವರಿಗೆ ಅದು ತಿಮರೆ. ನಮ್ಮಲ್ಲಿ ಅದನ್ನೂ ಬ್ರಾಹ್ಮಿ ಅಂತೀವಿ. ಆದ್ರೆ ನೆನಪಿನ ಶಕ್ತಿ ಬಗ್ಗೆ 'ಬ್ರಾಹ್ಮಿ' ಅಂತ ಹೆಚ್ಚಾಗಿ ಪ್ರಯೋಗ ಆಗಿರೋದು ಬಕೋಪ ಅನ್ನೋ ಬೇರೆ ಗಿಡದ ಮೇಲೆ, ನೀರುಬ್ರಾಹ್ಮಿ. ಲಖನೌದ ಸಿಡಿಆರ್‌ಐ ಅನ್ನೋ ಸರ್ಕಾರಿ ಸಂಸ್ಥೆ ವರ್ಷಗಟ್ಟಲೆ ಅದರ ಮೇಲೆ ಕೆಲಸ ಮಾಡಿದೆ. ತೊಂಬತ್ತರ ದಶಕದಲ್ಲಿ ಅದರಿಂದ 'ಮೆಮೊರಿ ಪ್ಲಸ್' ಅಂತ ಕ್ಯಾಪ್ಸೂಲೇ ಬಂತು, ಜಾಹೀರಾತಲ್ಲಿ ಚೆಸ್‌ನ ವಿಶ್ವನಾಥನ್ ಆನಂದ್. ನಿಮ್ಮ ಅಪ್ಪ ಅಮ್ಮನ್ನ ಕೇಳು, ನೆನಪಿರಬಹುದು. (ನೆನಪಿಲ್ಲ ಅಂದ್ರೆ ನಗಬೇಡ.)

ಆ ಗಿಡದ ಮೇಲೆ ಆಸ್ಟ್ರೇಲಿಯಾದಲ್ಲಿ 2001 ಮತ್ತು 2002ರಲ್ಲಿ ನಡೆದ ಎರಡು ಹೆಸರಾಂತ ಅಧ್ಯಯನಗಳಲ್ಲೂ ಜನ ಸುಮಾರು 12 ವಾರ ದಿನಾ ತಗೊಂಡಿದ್ರು. 2002ರದ್ದರಲ್ಲಿ ಕಂಡದ್ದು ಏನು? ಕಲಿಯೋ ವೇಗ ಏರಲಿಲ್ಲ, ಕಲಿತದ್ದು ಮರೆಯೋದು ಸ್ವಲ್ಪ ಕಮ್ಮಿ ಆಯ್ತು. ಅಷ್ಟೇ. ಅದೂ 40 ದಾಟಿದವರಲ್ಲಿ. ಪರೀಕ್ಷೆಗೆ ಹದಿನೈದು ದಿನ ಇದೆ ಅಂದಾಗ ಶುರು ಮಾಡೋರಿಗೆ ಇದರಲ್ಲಿ ಏನಿದೆ?

ಈಗ ನನ್ನ ಅನುಮಾನ ಹೇಳ್ತೀನಿ. ಹನ್ನೆರಡು ವಾರ ಬೇಕಾದ ಗಿಡ ನಿಂಗೆ ಮೊದಲ ದಿನಾನೇ 'ಕಿಕ್' ಕೊಟ್ಟು, ಮೂರನೇ ವಾರಕ್ಕೆ ಠುಸ್ ಆಯ್ತು ಅಂದ್ರೆ ಡಬ್ಬಿ ತಿರುಗಿಸಿ ಓದು. ಗ್ವಾರಾನಾ, ಗ್ರೀನ್ ಟೀ ಎಕ್ಸ್‌ಟ್ರಾಕ್ಟ್, ಗ್ರೀನ್ ಕಾಫಿ ಅಂತ ಏನಾದ್ರೂ ಇದೆಯಾ? ಅವೆಲ್ಲ ಕೆಫೀನ್ ಇರೋ ಪದಾರ್ಥಗಳೇ. ಮುಂದೆ ಎಲೆ ಚಿತ್ರ, ಹಿಂದೆ ಕಾಫಿ ಕೆಲಸ. ಹಾಗಿದ್ರೆ ನಿಂಗೆ ಹತ್ತಿದ್ದೂ ಇಳಿದದ್ದೂ ಬಹುತೇಕ ಅದೇ ಕೆಫೀನ್.

ಎನರ್ಜಿ ಡ್ರಿಂಕ್‌ನ ಡಬ್ಬಿನೂ ಒಮ್ಮೆ ತಿರುಗಿಸು. ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಲೀಟರಿಗೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು, ಮಕ್ಕಳಿಗೆ ಶಿಫಾರಸು ಇಲ್ಲ ಅಂತ ಬರೆದಿರಲೇಬೇಕು. ಬರೆದಿರ್ತಾರೆ. ಇರುವೆ ಓದೋ ಸೈಜಲ್ಲಿ. ಅದೇ ಬಾಟ್ಲಿ ಹೈಸ್ಕೂಲ್ ಎದುರಿನ ಅಂಗಡಿ ಫ್ರಿಜ್‌ನಲ್ಲಿ ಹುಡುಗರ ಕಣ್ಣಿನ ಎತ್ತರಕ್ಕೇ ಇಟ್ಟಿರ್ತಾರೆ.

5/6 😡

"ಪರೀಕ್ಷೆ ಮುಗಿಯೋವರೆಗೆ ಮಾತ್ರ" ಅಂತೀಯಲ್ಲ, ಕ್ಯಾಲೆಂಡರ್ ತೆಗಿ. ದ್ವಿತೀಯ ಪಿಯುಗೆ ಪರೀಕ್ಷೆ-1 ಮಾರ್ಚ್ ಹೊತ್ತಿಗೆ. ಏಪ್ರಿಲ್‌ನಲ್ಲಿ ಸಿಇಟಿ. ಮೇ ತಿಂಗಳ ಶುರುವಲ್ಲಿ ನೀಟ್. ಮಾರ್ಕ್ಸ್ ಸಾಲಲಿಲ್ಲ ಅಂದ್ರೆ ಪರೀಕ್ಷೆ-2 ಅಂತ ಇನ್ನೂ ಎಳೆಯತ್ತೆ. ಎರಡನೇ ಚಾನ್ಸ್ ಕೊಟ್ಟಿದ್ದು ಒಳ್ಳೇದೇ, ಅದರ ಬಗ್ಗೆ ತಕರಾರಿಲ್ಲ. ಆದ್ರೆ ಪ್ರಿಪರೇಟರಿಗೆ ಜನವರಿಯಲ್ಲಿ ಡಬ್ಬಿ ಓಪನ್ ಮಾಡಿದವನಿಗೆ ಅಸಲಿ ಪರೀಕ್ಷೆ ಹೊತ್ತಿಗೆ ಅದು ಸವೆದು ಹೋಗಿರತ್ತೆ. ಬೇಕಾದ ದಿನಕ್ಕೆ ಇರಲ್ಲ, ಬಿಡೋಕೂ ಆಗಲ್ಲ.

ಸರಿ, ಯಾಕೆ ಕುಡೀತಿದ್ದೀಯ ಅನ್ನೋದಕ್ಕೆ ಬರೋಣ. ನಂಗೆ ನಿನ್ನ ಮೇಲೆ ಸಿಟ್ಟಿಲ್ಲ. ಬೆಳಗ್ಗೆ ಏಳಕ್ಕೆ ಕೋಚಿಂಗು, ಆಮೇಲೆ ಕಾಲೇಜು, ಸಂಜೆ 'ಸ್ಟಡಿ ಅವರ್ಸ್', ಮನೆ ಸೇರೋದು ರಾತ್ರಿ ಒಂಬತ್ತೂವರೆಗೆ, ಊಟ ಆದ್ಮೇಲೆ ಹೋಮ್‌ವರ್ಕು. ಈ ಟೈಮ್‌ಟೇಬಲ್ ಬರೆದವರು ನಿನ್ನ ನಿದ್ದೆಯನ್ನ ಲೆಕ್ಕಕ್ಕೇ ಹಿಡಿದಿಲ್ಲ. ಫೀಸ್ ತಗೊಂಡು ನಿದ್ದೆನೂ ತಗೊಂಡರು. ಆ ತೂತು ಮುಚ್ಚೋಕೆ ಬೇಕರಿಯವನು ಬಂದ. ಮಧ್ಯೆ ರೀಲ್ಸಲ್ಲಿ ಯಾವನೋ ಟಾಪರ್ ಕೈಲಿ ಕ್ಯಾನ್ ಹಿಡ್ಕೊಂಡು "ಮೈ ಸೀಕ್ರೆಟ್" ಅಂತಾನೆ.

ಲೆಕ್ಕ ಹಾಕು. 250 ಎಂಎಲ್ ಕ್ಯಾನಲ್ಲಿ ಗರಿಷ್ಠ 75 ಮಿಲಿಗ್ರಾಂ ಕೆಫೀನ್. ಅದರಲ್ಲಿ ಅರ್ಧ ದೇಹದಿಂದ ಹೋಗೋಕೆ ಸರಾಸರಿ ಐದು ಗಂಟೆ ಬೇಕು, ಕೆಲವರಿಗೆ ಜಾಸ್ತಿ. ಸಂಜೆ ಏಳಕ್ಕೆ ಕುಡಿದರೆ ರಾತ್ರಿ ಹನ್ನೆರಡಕ್ಕೆ ಇನ್ನೂ ಅರ್ಧ ಒಳಗೇ ಇದೆ. ಬೆಳಗ್ಗೆ ಐದಕ್ಕೆ ಕಾಲು ಭಾಗ. ಮಲಗಿದ್ರೂ ನಿದ್ದೆ ತೆಳು. ಹಗಲು ಓದಿದ್ದನ್ನ ಮೆದುಳು ಗಟ್ಟಿಯಾಗಿ ಜೋಡಿಸಿಡೋ ಕೆಲಸದಲ್ಲಿ ದೊಡ್ಡ ಪಾಲು ನಡೆಯೋದು ಅದೇ ನಿದ್ದೆಯಲ್ಲಿ. ಅಂದ್ರೆ ಕೆಮಿಸ್ಟ್ರಿ ಓದೋಕೆ ಅಂತ ಕುಡಿದದ್ದು ಅದೇ ಕೆಮಿಸ್ಟ್ರಿಯನ್ನ ಅಳಿಸ್ತಾ ಕೂತಿದೆ. ಮಾರನೇ ದಿನ ಸುಸ್ತು, ಸುಸ್ತಿಗೆ ಮತ್ತೊಂದು ಕ್ಯಾನು.

6/6 🛑

ಓದಿ ಆವೇಶದಲ್ಲಿ ಇವತ್ತೇ ಎಲ್ಲ ಬಿಸಾಕಬೇಡ! ಇದು ಮುಖ್ಯ.

ಕೆಫೀನ್ ಬಿಟ್ಟ 12ರಿಂದ 24 ಗಂಟೆಯಲ್ಲಿ ತೊಂದರೆ ಶುರು ಆಗತ್ತೆ, 20ರಿಂದ 51 ಗಂಟೆ ಮಧ್ಯೆ ಜೋರಾಗಿರತ್ತೆ, ಎರಡರಿಂದ ಒಂಬತ್ತು ದಿನ ಇರಬಹುದು. ಸೋಮವಾರ ಬೆಳಗ್ಗೆ ಹತ್ತಕ್ಕೆ ಫಿಸಿಕ್ಸ್ ಪೇಪರ್ ಇದೆ ಅಂದ್ಕೋ. ಶನಿವಾರ ಸಂಜೆ ಆರಕ್ಕೆ ಕೊನೇ ಕ್ಯಾನ್ ಕುಡಿದು "ಇನ್ನು ಮುಟ್ಟಲ್ಲ" ಅಂದ್ರೆ ಪೇಪರ್ ಕೈಗೆ ಬರೋ ಹೊತ್ತಿಗೆ 40 ಗಂಟೆ. ತಲೆ ಸಿಡಿಯೋ ಟೈಮಿಗೆ ಸರಿಯಾಗಿ ಹಾಲ್‌ನಲ್ಲಿ ಕೂತಿರ್ತೀಯ. ಪರೀಕ್ಷೆ ಹತ್ತಿರ ಇದ್ರೆ ಈಗ ಇರೋಷ್ಟೇ ಇರಲಿ, ಹೆಚ್ಚಿಸಬೇಡ, ಮಧ್ಯಾಹ್ನದ ಮೇಲೆ ಬೇಡ. ಟೈಮ್ ಇದ್ರೆ ಎರಡು ವಾರದಲ್ಲಿ ನಿಧಾನಕ್ಕೆ ಇಳಿಸು: ಮೊದಲು ಸಂಜೆಯದ್ದು, ಆಮೇಲೆ ಬೆಳಗಿನದ್ದರಲ್ಲಿ ಅರ್ಧ. ಎದೆ ಡವಡವ ಅನ್ನೋದು, ಕೈ ನಡುಗೋದು ಇದ್ರೆ ನನ್ನ ಪೋಸ್ಟ್ ಓದ್ತಾ ಕೂರಬೇಡ, ಮನೆಯಲ್ಲಿ ಹೇಳಿ ಡಾಕ್ಟರ್ ಹತ್ರ ಹೋಗು.

"ಎರಡು ವಾರ ಆನ್, ಎರಡು ವಾರ ಆಫ್" ಅಂತ ಸೈಕಲ್ ಮಾಡೋ ಜ್ಞಾನಿಗಳು ಇದ್ದಾರೆ. ಬಿಡುವು ಕೊಟ್ರೆ ಎಫೆಕ್ಟ್ ವಾಪಸ್ ಬರತ್ತೆ, ಅದು ನಿಜ. ಆದ್ರೆ ಆಫ್ ಶುರುವಿನ ಆ ಮಂಕು ದಿನಗಳನ್ನ ಅವರು ಯಾರೂ ಲೆಕ್ಕಕ್ಕೆ ಬರೆಯಲ್ಲ.

ಫಿಲ್ಟರ್ ಕಾಫಿ ಮನೆಯವರಿಗೆ ಒಂದು ಸುಲಭದ ದಾರಿ ಇದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಪುಡಿಯಲ್ಲಿ ಶೇಕಡ 49ರವರೆಗೆ ಬೆರೆಸೋಕೆ ಕಾನೂನಲ್ಲೂ ಅವಕಾಶ ಇದೆ. ಕಣ್ಣೆದುರೇ ಪುಡಿ ಮಾಡಿಕೊಡೋ ಅಂಗಡಿ ರಾಜಾಜಿನಗರ, ವಿಜಯನಗರದಲ್ಲಿ ಹುಡುಕಿದ್ರೆ ಸಿಗತ್ತೆ. ಈ ವಾರ 80:20 ಇದ್ದದ್ದನ್ನ 70:30 ಮಾಡ್ಸು, ಮುಂದಿನ ವಾರ 60:40. ಡಿಕಾಕ್ಷನ್ ಕಪ್ಪಗೇ ಇರತ್ತೆ. ಅಪ್ಪನಿಗೆ ಮೊದಲೇ ಹೇಳಬೇಡ, ಹೇಳಿದ್ರೆ ಮೊದಲ ಗುಟುಕಿಗೇ ಮೂಗು ಮುರೀತಾರೆ.

#ದ್ವಿತೀಯಪಿಯು #ಸಿಇಟಿ #ನೀಟ್ #ವಿಜಯನಗರ #ರಾಜಾಜಿನಗರ #ಬಸವೇಶ್ವರನಗರ #ಕೆಂಗೇರಿ #ನಿದ್ದೆಮಾಡ್ರಪ್ಪಾ