ಕುಂತ್ಕಂಡು ಅಳತೆ ಕೊಡವ್ವ

ಕಳೆದ ವರ್ಷ ಅಕ್ಕನ ಮಗಳು ಮಂಡ್ಯದಲ್ಲಿ ಮೊದಲ ಸಲ ಭರತನಾಟ್ಯಕ್ಕೆ ಸ್ಟೇಜ್ ಹತ್ತಿದಳು. ಡ್ರೆಸ್ ನಾನೇ ಆನ್‌ಲೈನ್‌ನಲ್ಲಿ ತರಿಸಿಕೊಟ್ಟಿದ್ದು. ಫೋಟೊದಲ್ಲಿ ಸೂಪರ್! ಆದರೆ ಎರಡನೇ ಹಾಡಿಗೆ ಮಂಡಿ ಅಗಲಿಸಿ ಅರೆಮಂಡಿ ಕೂತಳು ನೋಡಿ, ತೊಡೆ ಹತ್ತಿರ ಪರ್ ಅಂತ ಹರಿದುಹೋಯ್ತು. ಪಾಪ, ನಿಲ್ಲಿಸಲಿಲ್ಲ. ಉಳಿದದ್ದೆಲ್ಲ ಕಾಲು ಬಿಗಿಹಿಡಿದೇ ಕುಣಿದಳು. ಮಾರನೇ ದಿನದಿಂದ ಕ್ಲಾಸಿಗೇ ಹೋಗಲ್ಲ ಅಂತ ಹಟ.

ವಿಷಯ ಕೇಳಿ ಮಳವಳ್ಳಿಯ ಅಜ್ಜಿ ತಮ್ಮ ಮದುವೆಯ ರೇಷ್ಮೆ ಸೀರೇನೇ ತೆಗೆದುಕೊಟ್ಟರು. “ಪೆಟ್ಟಿಗೇಲಿದ್ದು ಏನ್ ಮಾಡದು, ಮಗ ಕುಣೀಲಿ.”

ಮದ್ದೂರಿನಲ್ಲಿ ಡಾನ್ಸ್ ಡ್ರೆಸ್ ಹೊಲಿಯುವ ಒಬ್ಬರ ಹತ್ತಿರ ಹೋದೆವು. ಟೇಪ್ ಹಿಡಿದವರೇ ಮಗುವಿಗೆ ಹೇಳಿದ್ದು: “ನಿಂತ್ಕಂಡಲ್ಲ, ಕುಂತ್ಕಂಡು ಅಳತೆ ಕೊಡವ್ವ.”

ಸೊಂಟದಿಂದ ಮಂಡಿವರೆಗಿನ ಅಳತೆಯನ್ನು ಅರೆಮಂಡಿಯಲ್ಲೇ ತಗೊಂಡರು. ಎರಡು ಕಾಲು ಸೇರುವಲ್ಲಿ ಹೆಚ್ಚುವರಿ ತುಂಡು ಇಟ್ಟರು, ಎಳೆತವೆಲ್ಲ ಹೊಲಿಗೆ ಮೇಲೆ ಬೀಳಬಾರದಲ್ಲ. ಸೆರಗು ಮುಂದಿನ ಫ್ಯಾನ್‌ಗೆ ಹೋಯ್ತು. ಹಳೇ ರೇಷ್ಮೆ ಮಡಿಕೆಯಲ್ಲಿ ಸೀಳುತ್ತೆ ಅಂತ ಒಳಗೆ ಕಾಟನ್ ಲೈನಿಂಗ್. ಮಗು ಬೆಳೆಯುತ್ತಲ್ಲ, ಪಕ್ಕದಲ್ಲಿ ಎರಡು ಇಂಚು ಒಳಮಡಿಕೆ.

ಆಮೇಲೆ ಓದಿದೆ. 18ನೇ ಶತಮಾನದ ಪ್ಯಾರಿಸ್‌ನಲ್ಲಿ ಬ್ಯಾಲೆ ನರ್ತಕಿ ಮಾರಿ ಕಮಾರ್ಗೊ ಪಾದದ ಕೆಲಸ ಜನಕ್ಕೆ ಕಾಣಲಿ ಅಂತ ಲಂಗವನ್ನು ಗಿಡ್ಡ ಮಾಡಿಕೊಂಡಳಂತೆ. ನಮ್ಮಲ್ಲಿ, 1936ರಲ್ಲಿ ಕಲಾಕ್ಷೇತ್ರ ಕಟ್ಟಿದ ರುಕ್ಮಿಣಿ ದೇವಿ ಅರುಂಡೇಲ್ ಮೊದಲು ಬ್ಯಾಲೆ ಕಲಿತವರು. ಭರತನಾಟ್ಯಕ್ಕೆ ಈಗ ನಾವು ನೋಡುವ ಹೊಲಿದ ಉಡುಪಿನ ವಿನ್ಯಾಸದಲ್ಲಿ ಅವರದು ದೊಡ್ಡ ಪಾತ್ರ. ಇದನ್ನೆಲ್ಲ ಅಜ್ಜಿಗೆ ಹೇಳಿದರೆ, “ನಮ್ಮೂರ ಪೂಜಾ ಕುಣಿತದೋರು ಕಚ್ಚೆ ಕಟ್ಟದು ಇನ್ಯಾಕ್ಲಾ? ಕಾಲಾಡ್ಬೇಕಲ್ವಾ!” ಅಂದರು.

ಮೊನ್ನೆ ಮತ್ತೆ ಪ್ರೋಗ್ರಾಂ ಇತ್ತು. ಮೊದಲ ಅರೆಮಂಡಿಗೆ ನಾನು ಉಸಿರು ಬಿಗಿಹಿಡಿದೆ. ಅವಳು ಪೂರ್ತಿ ಕೂತಳು, ಫ್ಯಾನ್ ಬಿಚ್ಚಿಕೊಂಡಿತು, ಅಜ್ಜಿಯ ಸೆರಗಿನ ಜರಿ ಲೈಟಿಗೆ ಮಿಂಚಿತು. ಅಜ್ಜಿ ನೋಡ್ತಿದ್ದದ್ದು ಮಾತ್ರ ಮಗುವಿನ ಮುಖ.

ನಿಮ್ಮನೇಲೂ ಡಾನ್ಸ್ ಕಲಿಯೋ ಮಗು ಇದ್ದರೆ, ಡ್ರೆಸ್ ಬಂದ ತಕ್ಷಣ ಕನ್ನಡಿ ಮುಂದೆ ನಿಲ್ಲಿಸಿ ಫೋಟೊ ತೆಗೀಬೇಡಿ. ಮೊದಲು ಒಂದು ಹಾಡು ಪೂರ್ತಿ ಕುಣಿಸಿ ನೋಡಿ.